ಪ್ರಶ್ನೋತ್ತರ: ಕಣ್ಣಿನ ಪೊರೆ ಬಗ್ಗೆ ಲ್ಯಾಬ್‌ನವರನ್ನೇ ಕೇಳಿ

ಲ್ಯಾಬ್‌ಅಕ್ಕ: ಮನುಷ್ಯರ ಕಣ್ಣಿನ ಲೆನ್ಸ್ ಜೀವಕೋಶಗಳ ಮೇಲೆ ಕೆಲಸ ಮಾಡುತ್ತೇನೆ. ಆಪರೇಷನ್ ಮಾಡುವ ಡಾಕ್ಟರ್ ಅಲ್ಲ. ಕೇಳಿ.

ಹಳೇಕನ್ನಡಕ: ಲ್ಯಾನೊಸ್ಟೆರಾಲ್ ಹನಿಗೆ ಪೊರೆ ಕರಗುತ್ತದಂತೆ, ನಿಜವೇ ಮೇಡಂ?

ಲ್ಯಾಬ್‌ಅಕ್ಕ: 2015ರಲ್ಲಿ ನಾಯಿಗಳ ಪೊರೆ ಕಡಿಮೆಯಾಯಿತು ಅಂತ ವರದಿ ಬಂತು. ಆಪರೇಷನ್‌ನಲ್ಲಿ ತೆಗೆದ ಮನುಷ್ಯರ ಪೊರೆಯನ್ನು ಅದರಲ್ಲೇ ಮುಳುಗಿಸಿಟ್ಟು ನೋಡಿದವರಿಗೆ ಏನೂ ಕರಗಲಿಲ್ಲ. ಹನಿ ಕೊಳ್ಳಬೇಡಿ.

ನೀಲಿಹಕ್ಕಿ: ಅಮ್ಮನಿಗೆ ಪೊರೆ ತೆಗೆಸಿ ಎರಡು ವರ್ಷ ಆಯಿತು. ಈಗ ಮತ್ತೆ ಮಂಜು ಮಂಜು. ತೆಗೆದ ಪೊರೆ ವಾಪಸ್ ಬರುತ್ತದೆಯೇ? ಡಾಕ್ಟರ್ ಸರಿಯಾಗಿ ತೆಗೀಲಿಲ್ವಾ?

ಲ್ಯಾಬ್‌ಅಕ್ಕ: ನನ್ನ ಕೆಲಸವೇ ಇದು, ಸ್ವಲ್ಪ ಉದ್ದ ಆಗುತ್ತದೆ. ಡಾಕ್ಟರನ್ನು ಬೈಯಬೇಡಿ. ಲೆನ್ಸ್ ಇರುವುದು ಒಂದು ತೆಳು ಚೀಲದೊಳಗೆ. ಚೀಲದ ಮುಂದೆ ಗುಂಡಗೆ ಕಿಂಡಿ ಮಾಡಿ, ಮಬ್ಬಾದ ತಿರುಳು ತೆಗೆದು, ಅದೇ ಚೀಲದಲ್ಲಿ ಕೃತಕ ಲೆನ್ಸ್ ಕೂರಿಸುತ್ತಾರೆ. ಒಳಗೋಡೆಗೆ ಒಂದೇ ಪದರದ ಜೀವಕೋಶಗಳು ಅಂಟಿಕೊಂಡಿರುತ್ತವೆ, ಎಷ್ಟೇ ತೊಳೆದರೂ ಅಂಚಿನಲ್ಲಿ ಕೆಲವು ಉಳಿದೇ ಉಳಿಯುತ್ತವೆ. ನಾವು ದಾನವಾಗಿ ಬಂದ ಕಣ್ಣಿಗೆ ಇದೇ ಆಪರೇಷನ್ ಮಾಡಿ, ಚೀಲವನ್ನು ಡಿಶ್‌ನಲ್ಲಿ ಪಿನ್ ಚುಚ್ಚಿ ಹರವಿಟ್ಟು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತೇವೆ. ಅಂಚಿನ ಕೋಶಗಳು ಹಿಂಗೋಡೆಯ ಮೇಲೆ ಮೆಲ್ಲಗೆ ಹರಿದು ನಡುವಿಗೆ ಬಂದು ಮುಚ್ಚಿಬಿಡುತ್ತವೆ. ಕೋಶ ಬೆಳೆಸಲು ಸಾಮಾನ್ಯವಾಗಿ ಹಾಕುವ ಸೀರಮ್ (ರಕ್ತದ ತಿಳಿ) ಹಾಕದಿದ್ದರೂ ಬೆಳೆಯುತ್ತವೆ ಕಣ್ರೀ, ಬೇಕಾದ ಸಂಕೇತಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ! ಟಿಜಿಎಫ್-ಬೀಟಾ ಎಂಬ, ಗಾಯ ಮಾಯಿಸುವ ಸಂಕೇತದ ಪ್ರೋಟೀನು ಸಿಕ್ಕರೆ ಇನ್ನೂ ಕಷ್ಟ. ಗಾಯ ಮಾಯುವಾಗಿನ ಕೋಶಗಳಂತೆ ಚಾಚಿಕೊಂಡು ಚೀಲವನ್ನೇ ಎಳೆದು ಸುಕ್ಕು ಮಾಡುತ್ತವೆ, ಬೆಳಕು ಅಲ್ಲಿ ಚದುರಿ ಮಂಜಾಗುತ್ತದೆ. ಅಮ್ಮನದು ಇದೇ ಆಗಿದ್ದರೆ ಯಾಗ್ ಲೇಸರ್‌ನಲ್ಲಿ ಹಿಂಗೋಡೆಗೆ ಕಿಂಡಿ ಮಾಡುತ್ತಾರೆ. ಇದೇ ಹೌದಾ ಅಂತ ಕಣ್ಣು ನೋಡಿಯೇ ಹೇಳಬೇಕು.

ಸುಮ್ನೆ_ಕೇಳ್ದೆ: ಹನಿ ಹಾಕಿದ್ರೆ ಪೊರೆ ಕರಗಲ್ವಾ?

ಲ್ಯಾಬ್‌ಅಕ್ಕ: ಇಲ್ಲ. ಮೇಲೆ ಓದಿ.

ಮಳೆಬಿಲ್ಲು: ಮಲ್ಟಿಫೋಕಲ್ ಲೆನ್ಸ್ ಹಾಕಿಸಬಹುದಾ?

ಹಸಿರೆಲೆ: ಗ್ರೂಪಿನಲ್ಲಿ ಬಂದದ್ದು: "ಈ ಎಲೆಯ ರಸ ಲೆನ್ಸ್ ಕೋಶಗಳನ್ನು ಉಳಿಸುತ್ತದೆ, ಲ್ಯಾಬ್‌ನಲ್ಲಿ ಸಾಬೀತು. ದಿನಕ್ಕೆ ಎರಡು ಹನಿ ಕಣ್ಣಿಗೆ." ಎಲ್ಲರಿಗೂ ಕಳಿಸಿ.

ಲ್ಯಾಬ್‌ಅಕ್ಕ: ಯಾರಿಗೂ ಕಳಿಸಬೇಡಿ! ಇಂಥ ಪ್ರಯೋಗದಲ್ಲಿ ಬಳಸುವುದು ಹೆಚ್ಚಾಗಿ ಮನುಷ್ಯರ ಲೆನ್ಸ್‌ನಿಂದ ಪಡೆದ ಎಚ್‌ಎಲ್‌ಇ-ಬಿ3 ತರಹದ ಕೋಶ, ವೈರಸ್‌ನ ಜೀನ್ ಸೇರಿಸಿ ಡಿಶ್‌ನಲ್ಲಿ ವಿಭಜಿಸುತ್ತಲೇ ಇರುವ ಹಾಗೆ ಮಾಡಿದ್ದು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಸಾಯಿಸಲು ಹೊರಡುತ್ತೇವೆ, ಯಾವುದಾದರೂ ಪದಾರ್ಥ ಬದುಕಿಸುತ್ತದಾ ನೋಡುತ್ತೇವೆ. ಡಿಶ್‌ನಲ್ಲಿ ಬದುಕಿಸುವವು ಬೇಕಾದಷ್ಟಿವೆ. ವಯಸ್ಸಾದ ಮೇಲೆ ಜಾಸ್ತಿ ಮಬ್ಬಾಗುವುದು ತಿರುಳು. ಅಲ್ಲಿನ ಕೋಶಗಳಿಗೆ ನ್ಯೂಕ್ಲಿಯಸ್ಸೇ ಇಲ್ಲ, ಲೆನ್ಸನ್ನು ತಿಳಿಯಾಗಿಡುವ ಕ್ರಿಸ್ಟಲಿನ್ ಪ್ರೋಟೀನು ನಟ್ಟನಡುವೆ ಇರುವುದು ನೀವು ಹುಟ್ಟುವ ಮೊದಲೇ ತಯಾರಾದದ್ದು, ಕೆಟ್ಟರೆ ಬದಲಿ ಬರುವುದಿಲ್ಲ. ಎಲೆ ರಸ ಹಿಂಡಿದರೆ ಕಾರ್ನಿಯಾಗೆ ಫಂಗಸ್ ಸೋಂಕು ತಗುಲಬಹುದು. ಡಿಲೀಟ್ ಮಾಡಿ.

ಹಸಿರೆಲೆ: ಲೆನ್ಸ್ ಮಾರುವವರಿಗೆ ಲಾಭ, ಅದಕ್ಕೇ ವಿರೋಧ.

ಹಳೇಕನ್ನಡಕ: ಹನಿ ಮಾರುವವರು ಧರ್ಮಕ್ಕೆ ಕೊಡ್ತಾರಾ?

ಹಸಿರೆಲೆ: ನಿಮ್ಮನ್ನು ಕೇಳಲಿಲ್ಲ.

ಹಳೇಕನ್ನಡಕ: ನೀವು ಯಾರನ್ನೂ ಕೇಳಲ್ಲ, ಅದೇ ತೊಂದರೆ.

ಸುಮ್ನೆ_ಕೇಳ್ದೆ: ಬೇರೆ ಯಾವುದಾದರೂ ಹನಿ?

ಲ್ಯಾಬ್‌ಅಕ್ಕ: ಅಯ್ಯೋ. ಇಲ್ಲ ಅಂದೆನಲ್ಲ.

ಹಸಿರೆಲೆ: ಇಂಥ ಅಹಂಕಾರಕ್ಕೇ ಜನ ವಿಜ್ಞಾನಿಗಳನ್ನು ನಂಬಲ್ಲ.

ನೀಲಿಹಕ್ಕಿ: ಜಗಳದ ನಡುವೆ ಕ್ಷಮಿಸಿ. ನಿನ್ನೆಯಿಂದ ಅಮ್ಮನಿಗೆ ಅದೇ ಕಣ್ಣಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತದಂತೆ, ಕಪ್ಪು ಚುಕ್ಕಿಗಳೂ ತುಂಬಾ. ಇದೂ ಆ ಕೋಶಗಳದ್ದೇ ಅಲ್ವಾ?

ಲ್ಯಾಬ್‌ಅಕ್ಕ: ಅಲ್ಲ! ಕಣ್ಣಿನ ಹಿಂದಿನ ಪರದೆ, ರೆಟಿನಾ, ಹರಿದಿರಬಹುದು, ಕಳಚುತ್ತಿರಬಹುದು. ಲೇಸರ್ ಮಾತು ಆಮೇಲೆ. ಇವತ್ತೇ, ಈಗಲೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪಾಪೆ ಹಿಗ್ಗಿಸಿ ರೆಟಿನಾ ನೋಡಿ ಅಂತ ಹೇಳಿ. ಹೊರಟಿರಾ?

ನೀಲಿಹಕ್ಕಿ: ಹೊರಟೆವು.