ತೋಟದ ಗುಳಿಮಂಡಲಕ್ಕೆ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಕೆಲಸ ಮಾಡುತ್ತಾ?

ಪ್ರಶ್ನೆ: ತೀರ್ಥಹಳ್ಳಿ ಕಡೆ ಅಡಿಕೆ ತೋಟದಲ್ಲಿ ಗೂನುಮೂಗಿನ ಗುಳಿಮಂಡಲ ಕಚ್ಚಿದರೆ ಆಸ್ಪತ್ರೆಯ ಎಎಸ್‌ವಿ ಸಾಕಾ?

ಉತ್ತರ 1: ಇಲ್ಲ. ಈ ಔಷಧಿ ತಯಾರಿಸಲು ಕುದುರೆಗೆ ಚುಚ್ಚುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷ ಮಾತ್ರ. ಗುಳಿಮಂಡಲ ಕಚ್ಚಿ ಊತ, ರಕ್ತಸ್ರಾವ, ಕೆಲವರಿಗೆ ಕಿಡ್ನಿ ತೊಂದರೆ ಆದರೆ ಪೂರಕ ಚಿಕಿತ್ಸೆಯೇ ಗತಿ.

ಉತ್ತರ 2: ಸರಿ, ಆದರೆ ಯಾವ ಹಾವೆಂದು ಖಚಿತವಿಲ್ಲದೆ ರಕ್ತವೂ ಹೆಪ್ಪುಗಟ್ಟದಿದ್ದರೆ ವೈದ್ಯರು ಕೊಳಕುಮಂಡಲವೆಂದೇ ನೋಡಬೇಕು. 2 ಮಿ.ಲೀ. ರಕ್ತವನ್ನು ಹೊಸ, ಒಣ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಓರೆ ಮಾಡಿ. ಪ್ಲಾಸ್ಟಿಕ್ ಕೊಳವೆ, ಡಿಟರ್ಜೆಂಟಿನಲ್ಲಿ ತೊಳೆದ ಕೊಳವೆ ಎರಡೂ ಮೋಸ: ಸರಿಯಿರುವ ರಕ್ತವೂ ನೀರಾಗಿಯೇ ಕಾಣುತ್ತದೆ. ಹೆಪ್ಪುಗಟ್ಟದೆ ಹರಿದರೆ 10 ವಯಲ್ (ಸಣ್ಣ ಬಾಟಲಿ) ಎಎಸ್‌ವಿ, ಸುಮಾರು 1 ಗಂಟೆಯಲ್ಲಿ. ಔಷಧಿಗೆ ಅಲರ್ಜಿ ಆದರೆ ಕೊಡಲು ಅಡ್ರಿನಲಿನ್ ಪಕ್ಕದಲ್ಲೇ ಇರಲಿ. 6 ಗಂಟೆ ಬಿಟ್ಟು ಮತ್ತೆ ಪರೀಕ್ಷೆ.

ಉತ್ತರ 3: ಎಎಸ್‌ವಿ ಪುಡಿಯ ಒಂದು ವಯಲ್‌ಗೆ 10 ಮಿ.ಲೀ. ಸ್ಟೆರೈಲ್ ನೀರು ಹಾಕಿದ ಮೇಲೆ ಕುಲುಕಬೇಡಿ ಮಾರಾಯ್ರೆ, ನೊರೆಯೆದ್ದರೆ ಪ್ರೋಟೀನ್ ಕೆಡುತ್ತದೆ. ಮೆಲ್ಲಗೆ ತಿರುಗಿಸಿ.