ಹಳೆ ಜೀಪಿನ ಬ್ರೇಕ್ ಪೈಪ್‌ಗೆ ತುಕ್ಕು: ತುಂಡು ಜೋಡಿಸಬಹುದಾ, ಪೂರಾ ಬದಲಿಸಬೇಕಾ?

ಜೇವರ್ಗಿ ರೈತ:
ನಮ್ಮದು 2003ರ ಜೀಪು. ಹೊಲಕ್ಕೆ ಹೋಗೋದು, ತೊಗರಿ ಚೀಲ ಹೇರೋದು, ಮಕ್ಕಳನ್ನು ಶಾಲೆಗೆ ಬಿಡೋದು ಎಲ್ಲ ಅದರಲ್ಲೇ. ಈಚೆಗೆ ಬ್ರೇಕ್ ಆಯಿಲ್ ಇಳಿಯುತ್ತಾ ಇದೆ. ಕೆಳಗೆ ಮಲಗಿ ನೋಡಿದೆ. ಹಿಂದಿನ ಚಕ್ರಗಳ ಕಡೆ ಹೋಗುವ ಕಬ್ಬಿಣದ ಪೈಪು ಚಾಸಿಗೆ ಕ್ಲಿಪ್ ಹಿಡಿದ ಜಾಗದಲ್ಲಿ ಹಸಿಯಾಗಿದೆ, ಉಗುರಿನಿಂದ ಕೆರೆದರೆ ತುಕ್ಕು ಪದರು ಪದರಾಗಿ ಏಳುತ್ತದೆ. ಕೆಟ್ಟ ತುಂಡು ಕತ್ತರಿಸಿ ನಡುವೆ ರಬ್ಬರ್ ಹೋಸ್ ಹಾಕಿ ಕ್ಲಿಪ್ ಬಿಗಿಯೋಣ ಅಂತಾರೆ ನಮ್ಮೂರ ಮೆಕ್ಯಾನಿಕ್. ಹಾಗೆ ಮಾಡಬಹುದಾ? ನಮ್ಮ ಕಡೆ ಸಮುದ್ರ ಇಲ್ಲ, ಮಳೆಯೂ ಕಡಿಮೆ, ಇಷ್ಟು ತುಕ್ಕು ಯಾಕೆ?

ಬೀದರ್ ಗ್ಯಾರೇಜಿನವನು:
ಅಣ್ಣಾ, ಮೊದಲು ಗಾಡಿ ನಿಲ್ಲಿಸಿ. ರಬ್ಬರ್ ಹೋಸ್ ಮಾತೇ ಬೇಡ. ಜೋರಾಗಿ ಬ್ರೇಕ್ ಒತ್ತಿದಾಗ ಆ ಪೈಪಿನೊಳಗಿನ ಒತ್ತಡ ಟೈರಿನ ಗಾಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ಸುಮ್ನೆ ಓಡಾಡುವಾಗ ಕ್ಲಿಪ್ ತಡೆದೀತು, ಎದುರಿಗೆ ಎಮ್ಮೆ ಬಂದ ದಿನ ಕಿತ್ತು ಬರುತ್ತದೆ. ವೆಲ್ಡಿಂಗೂ ಬೇಡ. ಫ್ರಿಜ್ ರಿಪೇರಿಯವರ ಹತ್ತಿರ ಸಿಗುವ ತಾಮ್ರದ ಪೈಪ್ ಕೂಡ ಬೇಡ, ಅದು ಅದುರಿ ಅದುರಿ ಗಡಸಾಗಿ ಬಿರುಕು ಬಿಡುತ್ತದೆ. ಜಾಯಿಂಟಿನಿಂದ ಜಾಯಿಂಟಿಗೆ ಪೂರಾ ಹೊಸ ಸ್ಟೀಲ್ ಬ್ರೇಕ್ ಪೈಪ್ ಹಾಕಿಸಿ. ತುದಿಗೆ ಡಬಲ್ ಫ್ಲೇರ್ ಮಾಡಬೇಕು, ಅಂದರೆ ಅಂಚು ಎರಡು ಮಡಿಕೆ ಆಗಬೇಕು, ಒಂದೇ ಮಡಿಕೆ ಇದ್ದರೆ ಸೀಳುತ್ತದೆ. ಒಂದು ಜಾಗದಲ್ಲಿ ಹೀಗಾಗಿದ್ದರೆ ಉಳಿದ ಪೈಪುಗಳನ್ನೂ ಪ್ರತಿ ಕ್ಲಿಪ್ ಬಿಚ್ಚಿ ನೋಡಿ.

ಯಾದಗಿರಿ ಡ್ರೈವರ್:
ತುಕ್ಕಿಗೆ ಕಾರಣ ನಮ್ಮ ಎರೆಮಣ್ಣು. ಮಳೆಗಾಲದಲ್ಲಿ ಚಾಸಿಗೂ ಪೈಪಿಗೂ ನಡುವೆ ಮೆತ್ತಿಕೊಂಡು ಕೂರುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಯೂರಿಯಾ, ಡಿಎಪಿ ಚೀಲ ಹೇರಿದ್ದರೆ ಉದುರಿದ ಗೊಬ್ಬರವೂ ಕಬ್ಬಿಣ ತಿನ್ನುತ್ತದೆ. ಬಾಡಿ ಮಾತ್ರ ತೊಳೆದರೆ ಸಾಲದು, ಗಾಡಿ ಎತ್ತಿಸಿ ಕೆಳಗಿನ ಮೂಲೆಗಳಿಗೆ ನೀರು ಹೊಡೆಸಿ. ನಾನು ಸುಗ್ಗಿ ಮುಗಿದ ಮೇಲೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ತಪ್ಪದೆ ಮಾಡಿಸುತ್ತೇನೆ.

ಜೇವರ್ಗಿ ರೈತ:
ಗೊಬ್ಬರ ಹೇರುತ್ತೇವೆ, ಹೌದು. ಗಾಡಿ ನಿಲ್ಲಿಸಿದ್ದೇನೆ, ಮಕ್ಕಳು ಬಸ್ಸಿಗೆ ಹೋಗಲಿ. ಆದರೆ ಪೈಪಿನ ನಟ್ ಅಲ್ಲಾಡುತ್ತಿಲ್ಲ, ಪಾನಾ ಜಾರುತ್ತಿದೆ.

ಬೀದರ್ ಗ್ಯಾರೇಜಿನವನು:
ಸಾದಾ ಪಾನಾ ಹಾಕಬೇಡಿ, ನಟ್‌ನ ಮೂಲೆ ಸವೆದು ಗುಂಡಗಾಗುತ್ತದೆ. ಫ್ಲೇರ್ ನಟ್ ಪಾನಾ ಅಂತ ಬರುತ್ತದೆ, ನಟ್‌ನ ಸುತ್ತ ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಆಗಲೂ ಜಗ್ಗದಿದ್ದರೆ ನಟ್ ಪಕ್ಕದಲ್ಲೇ ಪೈಪ್ ಕತ್ತರಿಸಿ, ಹೇಗೂ ಬಿಸಾಡುವ ಪೈಪು, ಆಮೇಲೆ ಸಾಕೆಟ್ ಕೂರುತ್ತದೆ. ಹೊಸ ಪೈಪಿಗೆ ನಟ್ ತೂರಿಸಿಯೇ ಫ್ಲೇರ್ ಮಾಡಲು ಹೇಳಿ. ಕೊನೆಗೆ ಪೈಪಿನೊಳಗೆ ಸೇರಿದ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ದೂರದ ಚಕ್ರ, ಅಂದರೆ ಹಿಂದಿನ ಎಡಗಡೆಯದು ಮೊದಲು. ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳದ ಮೇಲೆ ಆಯಿಲ್ ದರ್ಜೆ ಡಾಟ್ 3 ಅಂತ ಇದೆಯೋ ಡಾಟ್ 4 ಅಂತ ಇದೆಯೋ ನೋಡಿ ಅದನ್ನೇ ತನ್ನಿ, ಸೀಲ್ ಒಡೆಯದ ಬಾಟಲಿಯೇ ಇರಲಿ, ತೆರೆದಿಟ್ಟ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಎಲ್ಲ ಆದ ಮೇಲೆ ಒಬ್ಬರು ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಒಂದೊಂದೇ ಜಾಯಿಂಟ್ ಒಣ ಬಟ್ಟೆಯಲ್ಲಿ ಒರೆಸಿ ನೋಡಿ.