ಒಳರೋಗಿಗಳಿಗೆ ಔಷಧ ಕೊಡುವ, ಒಮ್ಮೆ ಬಳಸಿ ಬಿಸಾಡುವ ಕಪ್ಪಿನ ವಿನ್ಯಾಸ: ಬುಡದ ಅಗಲ ಮತ್ತು ಗೆರೆಗಳ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಪೀಣ್ಯದ ವಿನ್ಯಾಸಕ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಸಣ್ಣ ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕದಲ್ಲಿ ನಾನು ವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ವಾರ್ಡುಗಳಲ್ಲಿ ರೋಗಿಗಳಿಗೆ ಸಿರಪ್ ಮತ್ತು ಮಾತ್ರೆ ಕೊಡುವ 30 ಮಿ.ಲೀ. ಕಪ್ ಒಂದನ್ನು ಹೊಸದಾಗಿ ರೂಪಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಈಗಿನ ನಕ್ಷೆಯಲ್ಲಿ ಒಳಬುಡದ ವ್ಯಾಸ 28 ಮಿ.ಮೀ., 30 ಮಿ.ಲೀ. ಗೆರೆಯ ಬಳಿ ಒಳವ್ಯಾಸ 40 ಮಿ.ಮೀ., ಅಲ್ಲಿಯವರೆಗಿನ ಎತ್ತರ ಸುಮಾರು 33 ಮಿ.ಮೀ. ಇದೆ; ವಸ್ತು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್, ಗೋಡೆಯ ದಪ್ಪ 0.7 ಮಿ.ಮೀ. ಗೆರೆಗಳು 2.5 ಮಿ.ಲೀ.ನಿಂದ ಆರಂಭವಾಗುತ್ತವೆ.

ನನ್ನನ್ನು ಕಾಡುತ್ತಿರುವುದು ಆ ಮೊದಲ ಗೆರೆಯೇ. ಬುಡದ ಹತ್ತಿರ ಪ್ರತಿ 1 ಮಿ.ಮೀ. ಎತ್ತರಕ್ಕೆ ಸುಮಾರು 0.6 ಮಿ.ಲೀ. ದ್ರವ ಹಿಡಿಯುತ್ತದೆ, ಅಂದರೆ 2.5 ಮಿ.ಲೀ. ಎಂದರೆ ಬರೀ 4 ಮಿ.ಮೀ. ಎತ್ತರ. ಸುರಿಯುವವರ ಕಣ್ಣು 1 ಮಿ.ಮೀ. ತಪ್ಪಿದರೆ ಔಷಧದ ಕಾಲು ಭಾಗವೇ ಹೆಚ್ಚು ಕಡಿಮೆಯಾಗುತ್ತದೆ. ಅದೇ ತಪ್ಪು 20 ಮಿ.ಲೀ. ಗೆರೆಯಲ್ಲಾದರೆ ವ್ಯತ್ಯಾಸ ಶೇ. 5ರಷ್ಟು ಮಾತ್ರ. ನಾನೇ ಆ ಗೆರೆಗೆ ಹತ್ತು ಸಲ ನೀರು ತುಂಬಿ ತೂಕದ ಯಂತ್ರದ ಮೇಲಿಟ್ಟು ನೋಡಿದೆ, ಎರಡು ಸಲ ಕೂಡ ಒಂದೇ ತೂಕ ಬರಲಿಲ್ಲ. ಬುಡವನ್ನು 20 ಮಿ.ಮೀ.ಗೆ ಕಿರಿದು ಮಾಡಿದರೆ ಈ ತಪ್ಪು ಅರ್ಧಕ್ಕೆ ಇಳಿಯುತ್ತದೆ, ಆದರೆ ಟ್ರೇಯಲ್ಲಿ ಕಪ್ ನೆಟ್ಟಗೆ ನಿಲ್ಲುವುದೇ ಎಂಬ ಅನುಮಾನವಿದೆ. ಇದರೊಂದಿಗೆ ಇನ್ನೆರಡು ವಿಷಯ ಕೇಳಬೇಕಿತ್ತು: ಅಂಕಿಗಳನ್ನು ಕನ್ನಡದಲ್ಲೂ ಹಾಕುವುದು ಒಳ್ಳೆಯದೇ? ಪ್ಲಾಸ್ಟಿಕ್ ಬಿಟ್ಟು ಕಬ್ಬಿನ ಸಿಪ್ಪೆಯ ಅಥವಾ ಕಾಗದದ ಕಪ್ ಮಾಡಬಹುದೇ? ವಾರ್ಡಿನಲ್ಲಿ ಕೆಲಸ ಮಾಡಿದವರು ಹೇಳಿದರೆ ನನಗೆ ಬಹಳ ಉಪಕಾರವಾಗುತ್ತದೆ.

ಉತ್ತರ 1: ವಾರ್ಡ್ ಸಿಸ್ಟರ್

ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಶುಶ್ರೂಷಾಧಿಕಾರಿಯಾಗಿದ್ದೇನೆ. ನಿಮ್ಮ ಲೆಕ್ಕ ಸರಿಯಾಗಿದೆ, ಆದರೆ ಪರಿಹಾರ ಬುಡದ ಅಗಲದಲ್ಲಿ ಇಲ್ಲ. ಆ 2.5ರ ಗೆರೆಯನ್ನು ದಯವಿಟ್ಟು ತೆಗೆದುಬಿಡಿ, 5 ಮಿ.ಲೀ.ಗಿಂತ ಕೆಳಗೆ ಯಾವ ಗೆರೆಯೂ ಬೇಡ. ಗೆರೆ ಇದ್ದರೆ ಅದನ್ನು ನಂಬಿ ಸುರಿಯುವವರು ಇದ್ದೇ ಇರುತ್ತಾರೆ. ಇಲ್ಲದಿದ್ದರೆ ಕೈ ತಾನಾಗಿಯೇ ಬಾಯಿಗೆ ಹಾಕುವ ಸಿರಿಂಜಿನ ಕಡೆಗೆ ಹೋಗುತ್ತದೆ. ಮಕ್ಕಳ ವಾರ್ಡಿನಲ್ಲಿ ಸಣ್ಣ ಪ್ರಮಾಣದ ಔಷಧವನ್ನು ಕೊಡಬೇಕಾದದ್ದೇ ಆ ಸಿರಿಂಜಿನಲ್ಲಿ. ಸೂಜಿ ಕೂರದ, ಬಾಯಿಗೆಂದೇ ಮಾಡಿದ ಸಿರಿಂಜನ್ನು ನಾನು ಹೇಳುತ್ತಿರುವುದು. ಇಂಜೆಕ್ಷನ್ ಸಿರಿಂಜಿನಲ್ಲಿ ಸಿರಪ್ ಎಳೆದಿಟ್ಟರೆ ಅದು ಅಪ್ಪಿತಪ್ಪಿ ರಕ್ತನಾಳಕ್ಕೆ ಹೋಗುವ ಅಪಾಯವಿದೆ.

ಅಳೆಯುವುದನ್ನು ನಾವು ಹೇಗೆ ಮಾಡುತ್ತೇವೆ ಎಂದು ಒಮ್ಮೆ ನೋಡಿದರೆ ನಿಮಗೆ ಅನೇಕ ವಿಷಯ ತಿಳಿಯುತ್ತದೆ. ಬಾಟಲಿಯ ಲೇಬಲ್ ಅಂಗೈಗೆ ಬರುವಂತೆ ಹಿಡಿಯುತ್ತೇವೆ, ಇಲ್ಲದಿದ್ದರೆ ಸೋರಿದ ಸಿರಪ್ ಹೆಸರನ್ನೇ ಅಳಿಸುತ್ತದೆ. ಎಡಗೈಯ ಹೆಬ್ಬೆರಳಿನ ಉಗುರನ್ನು ಬೇಕಾದ ಗೆರೆಯ ಮೇಲಿಟ್ಟು ಕಪ್ಪನ್ನು ಕಣ್ಣಿನ ಮಟ್ಟಕ್ಕೆ ಎತ್ತುತ್ತೇವೆ, ಅಥವಾ ಸಮತಟ್ಟಾದ ಜಾಗದಲ್ಲಿಟ್ಟು ಬಗ್ಗಿ ನೋಡುತ್ತೇವೆ. ದ್ರವದ ಮೇಲ್ಮೈ ನಡುವೆ ತಗ್ಗಾಗಿರುವ ಕಡೆ ಗೆರೆಗೆ ತಾಗಬೇಕು. ಇದು ಹಗಲಿನ ಮಾತು. ರಾತ್ರಿ ಪಾಳಿಯಲ್ಲಿ ರೋಗಿಗಳ ನಿದ್ದೆ ಕೆಡಬಾರದೆಂದು ದೀಪ ಕಡಿಮೆ ಮಾಡಿರುತ್ತಾರೆ. ಪ್ಲಾಸ್ಟಿಕ್ಕಿನಲ್ಲೇ ಉಬ್ಬಿಸಿದ ಬಣ್ಣವಿಲ್ಲದ ಗೆರೆ ಆಗ ಕಾಣುವುದೇ ಇಲ್ಲ. ಆದ್ದರಿಂದ ಕಪ್ಪು ಅಥವಾ ಕಡುನೀಲಿ ಬಣ್ಣದಲ್ಲಿ ಅಚ್ಚು ಹಾಕಿದ ಗೆರೆಗಳೇ ಬೇಕು. ಅವು 5, 10, 15, 20, 25, 30 ಇದ್ದರೆ ಸಾಕು. 5.0 ಎಂದು ಎಂದೂ ಬರೆಯಬೇಡಿ, ಚುಕ್ಕೆ ಮಾಸಿದರೆ ಅದು 50 ಆಗುತ್ತದೆ.

ಮಿ.ಲೀ. ಬಿಟ್ಟು ಬೇರೆ ಯಾವ ಅಳತೆಯೂ ಇರಬಾರದು ಎಂದು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಒಂದು ಕಂತಿನ ಕಪ್ಪುಗಳಲ್ಲಿ ಒಂದು ಬದಿಗೆ ಮಿ.ಲೀ., ಇನ್ನೊಂದು ಬದಿಗೆ ಡ್ರಾಮ್ ಎಂಬ ಹಳೆಯ ಅಳತೆಯ ಮತ್ತು ಚಮಚದ ಗೆರೆಗಳಿದ್ದವು. ಮಗುವಿಗೆ 2 ಮಿ.ಲೀ. ಔಷಧ ತೆಗೆಯಬೇಕಿದ್ದ ಹೊಸ ಹುಡುಗಿಯೊಬ್ಬಳು ಡ್ರಾಮಿನ ಬದಿಯ 2ರ ಗೆರೆಗೆ ಸುರಿದಿದ್ದಳು. ಎರಡು ಡ್ರಾಮ್ ಎಂದರೆ 7 ಮಿ.ಲೀ.ಗೂ ಹೆಚ್ಚು. ಮಂಚದ ಬಳಿ ಹೋಗುವ ಮೊದಲು ನಾನು ಕಪ್ಪನ್ನು ಕೈಗೆ ತೆಗೆದುಕೊಂಡು ನೋಡಿದ್ದರಿಂದ ಉಳಿಯಿತು. ಆ ಹುಡುಗಿ ಓದಿದ್ದು ಸರಿಯಾಗಿಯೇ ಇತ್ತು, ಕಪ್ಪಿನಲ್ಲಿ 2 ಎಂದೇ ಬರೆದಿತ್ತು.

ಕನ್ನಡ ಅಂಕಿಗಳ ಬಗ್ಗೆ ನಿಮ್ಮ ಕಾಳಜಿ ನನಗೆ ಇಷ್ಟವಾಯಿತು. ಆದರೂ ಈ ಒಂದು ಜಾಗದಲ್ಲಿ ಬೇಡ ಎನ್ನುತ್ತೇನೆ. ವೈದ್ಯರ ಚೀಟಿಯಲ್ಲಿ, ಬಾಟಲಿಯ ಮೇಲೆ, ನಮ್ಮ ಔಷಧದ ಚಾರ್ಟಿನಲ್ಲಿ ಯಾವ ಅಂಕಿ ಇದೆಯೋ ಕಪ್ಪಿನಲ್ಲೂ ಅದೇ ಇರಬೇಕು, ಎರಡು ಸಾಲು ಅಂಕಿಗಳೆಂದರೆ ಮತ್ತೆ ಎರಡು ಬದಿಯ ಗೊಂದಲವೇ. ಕನ್ನಡದಲ್ಲಿ ಬರೆಯಬೇಕಾದದ್ದು ಡಬ್ಬಿಯ ಮೇಲಿನ ಸೂಚನೆ. ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿರಿ.

ಉತ್ತರ 2: ಅಚ್ಚಿನ ಕೆಲಸದವನು

ಸಿಸ್ಟರ್ ಹೇಳಿದ ಮೇಲೆ ಬುಡ ಕಿರಿದು ಮಾಡುವ ಪ್ರಶ್ನೆ ಬಹುಮಟ್ಟಿಗೆ ಮುಗಿಯಿತು. ಆದರೂ ಆ ದಾರಿ ಹಿಡಿಯದಿರಲು ಇನ್ನೊಂದು ಕಾರಣವನ್ನು ಸೇರಿಸುತ್ತೇನೆ. ಒಳಗೆ ಕಿರಿದಾದ ಗುಳಿ, ಹೊರಗೆ ಅಗಲವಾದ ಸುತ್ತುಗೋಡೆ ಕೊಟ್ಟರೆ ಕಪ್ ನೆಟ್ಟಗೆ ನಿಲ್ಲುತ್ತದೆ ನಿಜ, ಆದರೆ ಒಂದರೊಳಗೊಂದು ಕೂರುವುದಿಲ್ಲ. ನೂರು ಕಪ್ಪಿನ ಅಡಕು ಈಗ ಒಂದು ಕೈಯಲ್ಲಿ ಹಿಡಿಸುತ್ತದೆ, ಆಗ ಪೆಟ್ಟಿಗೆಯೇ ಬೇಕಾಗುತ್ತದೆ. ಗುಳಿಯ ಮೆಟ್ಟಿಲಿನಲ್ಲಿ ದಪ್ಪ ಸಿರಪ್ ಉಳಿದುಕೊಳ್ಳುವುದು ಬೇರೆ. ಬುಡ ಮತ್ತು ಗೋಡೆ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ 3 ಮಿ.ಮೀ.ಯಷ್ಟು ದುಂಡಗೆ ಮಾಡಿ; ಔಷಧ ಪೂರ್ತಿ ಜಾರಿ ಬರುತ್ತದೆ, ಅಚ್ಚಿನ ಒಳತಿರುಳಿನಿಂದ (ಕೋರ್) ಕಪ್ ಬಿಡಿಸಿಕೊಳ್ಳುವುದೂ ಸುಲಭ.

ಅಡಕಿನಿಂದ ಎರಡು ಕಪ್ಪುಗಳು ಅಂಟಿಕೊಂಡು ಬರುವುದು ಹಳೆಯ ತೊಂದರೆ. ಬೇರ್ಪಡಿಸಲು ಹೋದವರ ಬೆರಳು ಒಳಗೋಡೆಗೆ ತಾಗುತ್ತದೆ. ಒಳಬದಿಯಲ್ಲಿ, ಬುಡದಿಂದ ಸ್ವಲ್ಪ ಮೇಲೆ ಮೂರು ಸಣ್ಣ ಏಣುಗಳನ್ನು ಕೊಟ್ಟರೆ ಮೇಲಿನ ಕಪ್ ಅವುಗಳ ಮೇಲೆ ಕೂರುತ್ತದೆ, ಗೋಡೆಗೆ ಗೋಡೆ ಕಚ್ಚುವುದಿಲ್ಲ, ನಡುವೆ ಗಾಳಿ ಆಡುತ್ತದೆ. ಆ ಏಣುಗಳು ತೆಗೆದುಕೊಳ್ಳುವ ಜಾಗವನ್ನು ಗಾತ್ರದ ಲೆಕ್ಕದಲ್ಲಿ ಕಳೆಯಲು ಮರೆಯಬೇಡಿ. ಬಾಯಂಚನ್ನು ಹೊರಕ್ಕೆ ಮಡಿಸಿ, ಹಿಡಿಯಲು ಅದೇ ಜಾಗ, ತುಟಿಗೂ ಒರಟಾಗಿರುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೊಸಬರು ತಪ್ಪುವುದು ಇಲ್ಲೇ. ಪಾಲಿಪ್ರೊಪಿಲೀನ್ ಆರುವಾಗ ಶೇ. 1ರಿಂದ 2.5ರವರೆಗೆ ಕುಗ್ಗುತ್ತದೆ. ಉದ್ದದಲ್ಲಿ ಶೇ. 1.5 ಕುಗ್ಗಿದರೆ ಗಾತ್ರದಲ್ಲಿ ಸುಮಾರು ಶೇ. 4.5 ಕಡಿಮೆಯಾಗುತ್ತದೆ. ನಕ್ಷೆಯ ಅಳತೆಗೇ ಅಚ್ಚು ಕೊರೆದರೆ ನಿಮ್ಮ 30ರ ಗೆರೆ 28.7ರ ಆಸುಪಾಸಿನಲ್ಲಿರುತ್ತದೆ. ಮೊದಲ ಮಾದರಿಗಳನ್ನು ತೆಗೆದು, ಒಂದು ದಿನ ಹಾಗೆಯೇ ಬಿಟ್ಟು, ಪ್ರತಿ ಗೆರೆಗೂ ನೀರು ತುಂಬಿ ತೂಗಿ ನೋಡಿದ ಮೇಲೆಯೇ ಬಣ್ಣದ ಗೆರೆಗಳ ಎತ್ತರವನ್ನು ನಿಗದಿ ಮಾಡಿ. ಸಿರಪ್ಪಿನಲ್ಲೇ ತೂಗುವುದಾದರೆ ಅದರ ಸಾಂದ್ರತೆಯಿಂದ ಭಾಗಿಸಬೇಕು, ಶೇ. 66.7 ಸಕ್ಕರೆಯ ಸಾದಾ ಸಿರಪ್ 1 ಮಿ.ಲೀ.ಗೆ ಸುಮಾರು 1.32 ಗ್ರಾಂ ತೂಗುತ್ತದೆ.

ಉತ್ತರ 3: ಆಸ್ಪತ್ರೆಯ ಫಾರ್ಮಸಿಸ್ಟ್

ವಸ್ತುವಿನ ಬಗ್ಗೆ ಕೇಳಿದ್ದೀರಿ. ಸಿರಪ್ಪಿನ ಕಪ್ಪಿಗೆ ಪಾಲಿಪ್ರೊಪಿಲೀನ್ ಸೂಕ್ತ. ಆಹಾರ, ಔಷಧ ಮತ್ತು ಕುಡಿಯುವ ನೀರಿಗೆ ತಾಗುವ ಪಾಲಿಪ್ರೊಪಿಲೀನಿಗೆ ಐಎಸ್ 10910 ಎಂಬ ಭಾರತೀಯ ಮಾನಕವಿದೆ, ಕಚ್ಚಾ ಪ್ಲಾಸ್ಟಿಕ್ಕಿನ ಕಾಳು ಕೊಳ್ಳುವಾಗ ಅದರ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಕಬ್ಬಿನ ಸಿಪ್ಪೆಯ ಕಪ್ಪಿನಲ್ಲಿ ಒಳಗಿನ ದ್ರವ ಹೊರಗಿನಿಂದ ಕಾಣುವುದಿಲ್ಲ, ಹಾಗಾಗಿ ಅಳೆಯಲು ಆಗುವುದಿಲ್ಲ. ಕಾಗದದ ಕಪ್ಪಿಗೆ ದ್ರವ ತಡೆಯಲು ಒಳಗೆ ಪ್ಲಾಸ್ಟಿಕ್ ಪದರ ಕೊಟ್ಟಿರುತ್ತಾರೆ, ಅದರಿಂದ ಮರುಬಳಕೆ ಕಷ್ಟವಾಗುತ್ತದೆ.

ಆದರೆ ಮಾತ್ರೆಗೆ ಅಳತೆಯ ಕಪ್ ಏಕೆ ಬೇಕು? ಒಬ್ಬ ರೋಗಿಗೆ ಬೆಳಗಿನ ನಾಲ್ಕು ಮಾತ್ರೆ ಕೊಡಲು ಸುಮಾರು 2.7 ಗ್ರಾಂ ಪ್ಲಾಸ್ಟಿಕ್ ಬಿಸಾಡುವುದು ನನಗೆ ಸರಿ ಕಾಣುವುದಿಲ್ಲ. ಪದರವಿಲ್ಲದ, ನೆರಿಗೆಯ ಸಣ್ಣ ಕಾಗದದ ಕಪ್ ಸಾಕು. ಎರಡನ್ನೂ ಬೇರೆ ಬೇರೆ ಮಾಡಿ ಜೋಡಿಯಾಗಿ ಮಾರಿ ಎಂದು ನನ್ನ ಸಲಹೆ. ಕಾಗದದ ಕಪ್ಪಿನ ಒಳಬಣ್ಣ ಅಚ್ಚ ಬಿಳಿ ಬೇಡ, ತಿಳಿ ನೀಲಿ ಇರಲಿ; ಅರ್ಧ ಮಾಡಿದ ಬಿಳಿ ಮಾತ್ರೆ ಬಿಳಿ ನೆರಿಗೆಯಲ್ಲಿ ಸಿಕ್ಕಿಕೊಂಡರೆ ಯಾರ ಕಣ್ಣಿಗೂ ಬೀಳದೆ ಕಸಕ್ಕೆ ಹೋಗುತ್ತದೆ.

ಮತ್ತೊಂದು ವಿಷಯ. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಯಾದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ತಟ್ಟೆ, ಕಪ್, ಲೋಟಗಳು ಸೇರಿವೆ. ಅಚ್ಚಿಗೆ ಹಣ ಹಾಕುವ ಮೊದಲು ನಿಮ್ಮ ಅಳತೆಯ ಕಪ್ಪಿನ ಬಗ್ಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಲಿಖಿತ ಉತ್ತರ ಪಡೆದುಕೊಳ್ಳಿ.

ಉತ್ತರ 4: ತಂದೆಯ ಆರೈಕೆಯಲ್ಲಿರುವವಳು

ನಾನು ವೃತ್ತಿಯಿಂದ ಇದಕ್ಕೆ ಸಂಬಂಧಪಟ್ಟವಳಲ್ಲ. ನಮ್ಮ ತಂದೆಯವರಿಗೆ ಪಾರ್ಶ್ವವಾಯು ಆಗಿ ಒಂದೂವರೆ ತಿಂಗಳು ವಾರ್ಡಿನಲ್ಲಿದ್ದಾಗ ದಿನಕ್ಕೆ ಮೂರು ಬಾರಿ ಈ ಕಪ್ಪಿನಲ್ಲೇ ಔಷಧ ಕುಡಿಸಿದ್ದೇನೆ. ಕಪ್ಪಿನ ತಳದಲ್ಲಿ ಉಳಿದದ್ದನ್ನು ಕುಡಿಯಲು ಅವರು ತಲೆಯನ್ನು ಹಿಂದಕ್ಕೆ ಬಾಗಿಸಬೇಕಾಗುತ್ತಿತ್ತು, ಏಕೆಂದರೆ ಎದುರಿನ ಅಂಚು ಮೂಗಿಗೆ ತಾಗುತ್ತಿತ್ತು. ತಲೆ ಹಿಂದಕ್ಕೆ ಹೋದ ಕೂಡಲೇ ಕೆಮ್ಮು. ನುಂಗಲು ಕಷ್ಟವಿರುವವರು ಗದ್ದವನ್ನು ಸ್ವಲ್ಪ ಎದೆಯ ಕಡೆಗೆ ತಂದು ನುಂಗಬೇಕೆಂದು ಅವರಿಗೆ ನುಂಗುವ ಅಭ್ಯಾಸ ಮಾಡಿಸುತ್ತಿದ್ದ ತಜ್ಞರು ಹೇಳಿಕೊಟ್ಟಿದ್ದರು, ಆ ಕಪ್ಪಿನಲ್ಲಿ ಅದು ಸಾಧ್ಯವೇ ಇರಲಿಲ್ಲ. ಕೊನೆಗೆ ನಾನು ಚಮಚದಲ್ಲಿ ತೆಗೆದು ಕುಡಿಸಿದೆ, ಕಪ್ಪಿನ ಗೋಡೆಗೆ ಅಂಟಿದ್ದನ್ನು ಸ್ವಲ್ಪ ನೀರು ಹಾಕಿ ತೊಳೆದು ಅದನ್ನೂ ಕುಡಿಸಿದೆ. ಮೂಗಿನ ಕಡೆ ಅಂಚನ್ನು ತುಸು ತಗ್ಗಿಸಿದ ಒಂದು ಬಗೆಯನ್ನು ನೀವು ಮಾಡಬಹುದೇ?

ವಿನ್ಯಾಸಕನ ಮರುಉತ್ತರ

ತಮ್ಮೆಲ್ಲರಿಗೂ ಕೃತಜ್ಞನಾಗಿದ್ದೇನೆ. 5 ಮಿ.ಲೀ.ಗಿಂತ ಕೆಳಗಿನ ಗೆರೆಯನ್ನು ಇಂದೇ ನಕ್ಷೆಯಿಂದ ತೆಗೆದಿದ್ದೇನೆ. ಬುಡದ ವ್ಯಾಸ 28 ಮಿ.ಮೀ. ಹಾಗೆಯೇ ಉಳಿಯುತ್ತದೆ, ಮೂಲೆ ದುಂಡಗಾಗುತ್ತದೆ. ಬಣ್ಣದ ಗೆರೆಗೆ ಒಂದು ಹಂತದ ಕೆಲಸ ಹೆಚ್ಚಾಗುತ್ತದೆಂದು ನಮ್ಮ ಮಾಲೀಕರು ಹಿಂಜರಿದಿದ್ದರು, ಸಿಸ್ಟರ್ ಅವರ ರಾತ್ರಿ ಪಾಳಿಯ ಮಾತನ್ನು ಓದಿಸಿದ ಮೇಲೆ ಒಪ್ಪಿದರು. ಮೂಗಿಗೆ ತಾಗುವ ಸಂಗತಿ ನನಗೆ ಹೊಳೆದೇ ಇರಲಿಲ್ಲ. ಅಂಚನ್ನು ತಗ್ಗಿಸಿದರೆ ಆ ಕಪ್ 30ರ ಬದಲು 20 ಮಿ.ಲೀ.ವರೆಗೆ ಮಾತ್ರ ಹಿಡಿಯುತ್ತದೆ. ಸಿಸ್ಟರ್, ವಾರ್ಡಿನಲ್ಲಿ ಒಂದೇ ಬಾರಿಗೆ 20 ಮಿ.ಲೀ.ಗಿಂತ ಹೆಚ್ಚು ಕುಡಿಸುವ ಔಷಧಗಳು ಯಾವುವು?

ವಾರ್ಡ್ ಸಿಸ್ಟರ್

ಮಲಬದ್ಧತೆಗೆ ಕೊಡುವ ಲ್ಯಾಕ್ಟುಲೋಸ್ ಕೆಲವರಿಗೆ 30 ಮಿ.ಲೀ. ಇರುತ್ತದೆ, ಯಕೃತ್ತಿನ ರೋಗಿಗಳಿಗೂ ಅಷ್ಟೇ. ಉಳಿದವು ಹೆಚ್ಚಾಗಿ 5ರಿಂದ 15ರೊಳಗೆ ಮುಗಿಯುತ್ತವೆ. ನುಂಗಲು ಕಷ್ಟವಿರುವವರಿಗೆ 30 ಮಿ.ಲೀ. ಅನ್ನು ಎರಡು ಬಾರಿ ಅಳೆದು ನಿಧಾನವಾಗಿ ಕುಡಿಸುವುದೇ ಒಳ್ಳೆಯದು. ಅಂಚು ತಗ್ಗಿಸಿದ ಕಪ್ಪಿನಲ್ಲಿ 20ರ ಮೇಲೆ ಗೆರೆ ಹಾಕಬೇಡಿ, ಮತ್ತು ಅದರ ಗೆರೆಗಳ ಬಣ್ಣ ಬೇರೆ ಇರಲಿ, ಟ್ರೇಯಲ್ಲಿ ನೋಡಿದ ಕೂಡಲೇ ಇದು ಆ ರೋಗಿಯದು ಎಂದು ನಮಗೆ ತಿಳಿಯಬೇಕು. ಹೊರಗೋಡೆಯ ಮೇಲೆ ಹಾಸಿಗೆ ಸಂಖ್ಯೆ ಮತ್ತು ಹೆಸರು ಬರೆಯಲು ಎರಡು ಬೆರಳಿನಷ್ಟು ಒರಟು ಜಾಗ ಬಿಡಿ. ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಹಿಡಿಯುವುದಿಲ್ಲ.